ಸೆಟ್ ಎಂಬ ಪದದ ನೆರೆಹೊರೆ

ರಸಪ್ರಶ್ನೆ ಸ್ಪರ್ಧೆಗಳಲ್ಲಿ ಬಹುಕಾಲದಿಂದ ಸುತ್ತುತ್ತಿರುವ ಒಂದು ಪ್ರಶ್ನೆಯಿದೆ: ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಯಾವುದು? ಕೇಳಿದವರು ಉದ್ದುದ್ದದ, ನಾಲಿಗೆ ತೊಡರುವ ಪದಗಳನ್ನು ನೆನಪಿಸಿಕೊಳ್ಳಲು ಹೊರಡುತ್ತಾರೆ. ಉತ್ತರದ ಚೀಟಿಯಲ್ಲಿರುವುದು ಮಾತ್ರ ಇಂಗ್ಲಿಷಿನ ಮೂರೇ ಅಕ್ಷರಗಳ ‘ಸೆಟ್’. ಗಿನ್ನೆಸ್ ದಾಖಲೆಗಳ ಪುಸ್ತಕ ಒಂದು ಕಾಲಕ್ಕೆ ಇದಕ್ಕೆ ನಾಮಪದವಾಗಿ 58, ಕ್ರಿಯಾಪದವಾಗಿ 126, ವಿಶೇಷಣವಾಗಿ 10, ಹೀಗೆ ಒಟ್ಟು 194 ಬಳಕೆಗಳನ್ನು ಲೆಕ್ಕ ಕೊಟ್ಟಿತ್ತು. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿ ಕ್ರಿಯಾಪದವೊಂದಕ್ಕೇ 430ಕ್ಕೂ ಹೆಚ್ಚು ಅರ್ಥಗಳನ್ನು ಪಟ್ಟಿಮಾಡಿತು. ಆ ಒಂದು ನಮೂದಿಗೆ ಸುಮಾರು 60,000 ಪದಗಳು ಬೇಕಾದವು. ಅಷ್ಟರಲ್ಲಿ ಒಂದು ಕಾದಂಬರಿ ಮುಗಿಯುತ್ತದೆ. ಅದೇ ಭಾಷೆ, ಅದೇ ಕ್ರಿಯಾಪದ. ಒಬ್ಬರ ಎಣಿಕೆಗೆ 126, ಇನ್ನೊಬ್ಬರ ಎಣಿಕೆಗೆ 430. ಬುಟ್ಟಿಯಲ್ಲಿರುವ ಮಾವಿನಹಣ್ಣನ್ನು ಇಬ್ಬರು ಎಣಿಸಿದರೆ ಇಂಥ ವ್ಯತ್ಯಾಸ ಬರುವುದಿಲ್ಲ. ಬಂದರೆ, ಎಣಿಸುತ್ತಿರುವುದು ಬುಟ್ಟಿಯ ಒಳಗಿರುವುದನ್ನೋ ಹೊರಗಿರುವುದನ್ನೋ ಎಂದು ಕೇಳಬೇಕಾಗುತ್ತದೆ. ‘ಸೆಟ್’ ವಿಷಯದಲ್ಲಿ ಎಣಿಸಿದ್ದು ಬಹುಮಟ್ಟಿಗೆ ಹೊರಗಿನದನ್ನೇ, ಅಂದರೆ ಆ ಪದದ ಅಕ್ಕಪಕ್ಕ ಕೂತ ಬೇರೆ ಪದಗಳನ್ನು, ಅದು ಹೋಗಿ ನಿಂತ ಸಂದರ್ಭಗಳನ್ನು ಎಂಬುದು ಈ ಬರಹದ ವಾದ.

ಸ್ಪರ್ಧೆಯ ಮುಂದಿನ ಕಥೆಯೇ ಈ ವಾದಕ್ಕೆ ಮೊದಲ ಸಾಕ್ಷಿ. ಆಕ್ಸ್‌ಫರ್ಡಿನ ಸಂಪಾದಕರು ಮೂರನೆಯ ಆವೃತ್ತಿಗಾಗಿ ಹಳೆಯ ನಮೂದುಗಳನ್ನು ತಿದ್ದಿ ಬೆಳೆಸುವ ಕೆಲಸಕ್ಕೆ ಕೈಹಾಕಿದಾಗ ಇಂಗ್ಲಿಷ್ ವರ್ಣಮಾಲೆಯ ನಡುವಿನ ‘ಎಂ’ ಅಕ್ಷರದಿಂದ ಶುರುಮಾಡಿದರು. 2000ರಲ್ಲಿ ‘ಮೇಕ್’ ಪದದ ಸರದಿ ಬಂತು. ಅದು ‘ಸೆಟ್’ ಅನ್ನು ಹಿಂದೆ ಹಾಕಿತು. 2007ರಲ್ಲಿ ‘ಪುಟ್’ ಮುಂದೆ ಹೋಯಿತು. 2011ರಲ್ಲಿ ‘ರನ್’ ಎಂಬ ಕ್ರಿಯಾಪದಕ್ಕೆ 645 ಅರ್ಥಗಳೆಂಬ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂತು. ಎಂ, ಪಿ, ಆರ್: ಕಿರೀಟ ಅಕ್ಷರಮಾಲೆಯ ಕ್ರಮದಲ್ಲಿಯೇ ಕೈಯಿಂದ ಕೈಗೆ ಹೋಗಿದೆ. ಇಂಗ್ಲಿಷ್ ಜನ 2000ದಲ್ಲಿ ‘ಮೇಕ್’ ಅನ್ನು ಹೆಚ್ಚು ಬಳಸತೊಡಗಿ, 2011ರ ಹೊತ್ತಿಗೆ ‘ರನ್’ ಕಡೆಗೆ ಒಲಿದರೆಂದು ಯಾರೂ ಹೇಳಲಾರರು. ಬದಲಾದದ್ದು ಭಾಷೆಯಲ್ಲ, ಅಳತೆಯ ಪಟ್ಟಿ ಮತ್ತು ಅದನ್ನು ಹಿಡಿದ ಕೈ. ‘ಸೆಟ್’ ಸೋತದ್ದು ತನ್ನ ಸರದಿ ಇನ್ನೂ ಬಂದಿರಲಿಲ್ಲವೆಂಬ ಕಾರಣಕ್ಕೆ. ಹಳೆಯ ಸರ್ವೆ ನಂಬರಿನ ಜಮೀನನ್ನು ಹೊಸ ಸರಪಳಿ ಹಿಡಿದು ಅಳೆದ ಪಕ್ಕದ ಜಮೀನಿನ ಜೊತೆ ಹೋಲಿಸಿದಂತೆ ಇದು.

ಹಾಗಾದರೆ ಈ ಪದಕ್ಕೆ ತನ್ನದೆಂದು ಏನಾದರೂ ಇದೆಯೇ? ಇದೆ, ಆದರೆ ಸ್ವಲ್ಪವೇ. ಅದು ಯಾವುದೆಂದು ತಿಳಿಯಲು ಹಿಂದಕ್ಕೆ ಹೋಗಬೇಕು. ಹಳೆಯ ಇಂಗ್ಲಿಷಿನಲ್ಲಿ ‘ಸಿಟನ್’ ಎಂದರೆ ಕೂರು. ‘ಸೆಟನ್’ ಎಂದರೆ ಕೂರುವಂತೆ ಮಾಡು. ನಮ್ಮಲ್ಲಿ ಧಾತುವಿಗೆ ‘ಇಸು’ ಹತ್ತಿಸಿ ಕೂರು–ಕೂರಿಸು, ಏರು–ಏರಿಸು ಎಂದು ಪ್ರೇರಣಾರ್ಥಕ ಮಾಡಿಕೊಳ್ಳುತ್ತೇವೆ. ಇಂಗ್ಲಿಷಿನ ಪೂರ್ವಿಕರು ಅದೇ ಕೆಲಸಕ್ಕೆ ಒಂದು ಪ್ರತ್ಯಯ ಇಟ್ಟುಕೊಂಡಿದ್ದರು. ಅದು ಸವೆದುಹೋಗಿ, ಪದದ ನಡುವಿನ ಸ್ವರ ಬದಲಾದದ್ದು ಮಾತ್ರ ಗುರುತಾಗಿ ಉಳಿಯಿತು. ಬೀಳುವುದಕ್ಕೆ ‘ಫಾಲ್’, ಮರವನ್ನು ಬೀಳಿಸುವುದಕ್ಕೆ ‘ಫೆಲ್’. ಮಲಗಿರುವುದಕ್ಕೆ ‘ಲೈ’, ಮಲಗಿಸುವುದಕ್ಕೆ ‘ಲೇ’. ಕುಡಿಯುವುದು ‘ಡ್ರಿಂಕ್’, ಕುಡಿಸುವುದು ಎಂಬ ಅರ್ಥದಿಂದ ಹೊರಟು ಈಗ ತೊಯ್ಯಿಸುವುದಕ್ಕೆ ಬಂದು ನಿಂತಿರುವುದು ‘ಡ್ರೆಂಚ್’. ಜರ್ಮನ್ ಭಾಷೆಯ ‘ಜೆಟ್ಸೆನ್’, ಡಚ್ಚರ ‘ಜೆಟೆನ್’ ನಮ್ಮ ಈ ‘ಸೆಟ್’ನ ಒಡಹುಟ್ಟುಗಳು. ಇನ್ನೂ ದೂರದ ನೆಂಟಸ್ತಿಕೆ ಹುಡುಕಿದರೆ ಅದು ಸಂಸ್ಕೃತದ ‘ಸದ್’ ಧಾತುವಿನ ಮನೆಗೆ ಬರುತ್ತದೆ. ಸದನ, ಸಂಸತ್ತು, ಪರಿಷತ್ತು, ಉಪನಿಷತ್ತು, ಎಲ್ಲವೂ ಕೂರುವುದರ ಸುತ್ತ ಹುಟ್ಟಿದ ಪದಗಳೇ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿಗೂ ಲಂಡನ್ನಿನ ಅಂಗಡಿಯ ಟೀ ಕಪ್ಪುಗಳ ಸೆಟ್ಟಿಗೂ ನೆಂಟಸ್ತಿಕೆ ಹೇಳಿಬಿಡುವ ಆಸೆ ಆಗುತ್ತದೆ. ಅಲ್ಲೊಂದು ತೊಡಕಿದೆ, ಅದು ಮುಂದೆ ಬರುತ್ತದೆ.

‘ಕೂರಿಸು’ ಎಂಬುದನ್ನು ಕೈಯಲ್ಲಿ ಹಿಡಿದು ನಿಘಂಟಿನ ಪಟ್ಟಿಯ ಮೇಲೆ ನಡೆದರೆ ಆಶ್ಚರ್ಯವಾಗುವಷ್ಟು ದೂರ ಹೋಗಬಹುದು. ಮುರಿದ ಎಲುಬನ್ನು ಸರಿಜಾಗಕ್ಕೆ ತರುವುದು ಇಂಗ್ಲಿಷಿನಲ್ಲಿ ‘ಸೆಟ್’. ನಾವು ಮೂಳೆ ಕೂರಿಸುತ್ತೇವೆ. ಉಂಗುರಕ್ಕೆ ರತ್ನ ಜೋಡಿಸುವುದು ‘ಸೆಟ್’. ನಮ್ಮ ಅಕ್ಕಸಾಲಿಗ ಹರಳು ಕೂರಿಸುತ್ತಾನೆ. ಮರಿ ಮಾಡಿಸಲು ಹೇಂಟೆಯನ್ನು ಮೊಟ್ಟೆಗಳ ಮೇಲೆ ಬಿಡುವುದಕ್ಕೂ ಇಂಗ್ಲಿಷ್ ರೈತ ‘ಸೆಟ್’ ಎನ್ನುತ್ತಾನೆ; ನಮ್ಮ ಹಳ್ಳಿಯಲ್ಲಿ ಕೋಳಿಯನ್ನು ಕಾವಿಗೆ ಕೂರಿಸುತ್ತಾರೆ. ಬಾಗಿಲ ಚೌಕಟ್ಟು, ಬೀಸುವ ಕಲ್ಲಿನ ಗೂಟ, ಗಣಪತಿ, ಮದುಮಗಳು, ಎಲ್ಲವನ್ನೂ ನಾವು ಕೂರಿಸುತ್ತೇವೆ. ಎರಡು ಭಾಷೆಗಳು ಒಂದನ್ನೊಂದು ನೋಡದೆ ಒಂದೇ ಹಾದಿ ಹಿಡಿದಿವೆ. ಇಲ್ಲಿ ಗಮನಿಸಬೇಕಾದದ್ದು, ಮೂಳೆ, ಹರಳು, ಹೇಂಟೆ ಎಂಬ ಮೂರನ್ನೂ ಇಂಗ್ಲಿಷ್ ನಿಘಂಟು ಮೂರು ಬೇರೆ ಸಂಖ್ಯೆಗಳ ಕೆಳಗೆ ಹಾಕುತ್ತದೆ. ಕನ್ನಡಿಗನಿಗೆ ‘ಕೂರಿಸು’ ಎಂಬುದಕ್ಕೆ ಮೂರು ಅರ್ಥಗಳಿವೆಯೆಂದು ಅನ್ನಿಸಿಯೇ ಇರುವುದಿಲ್ಲ. ಅಲುಗದಂತೆ, ಅದರ ಜಾಗದಲ್ಲಿ, ಸ್ವಲ್ಪ ಎಚ್ಚರದಿಂದ ಇಡುವುದು, ಅಷ್ಟೇ. ಉಳಿದ ವ್ಯತ್ಯಾಸವನ್ನೆಲ್ಲ ಮೂಳೆಯೂ ಹರಳೂ ಹೇಂಟೆಯೂ ತಾವೇ ಹೊತ್ತು ತರುತ್ತವೆ. ಇಡುವುದಕ್ಕೂ ಕೂರಿಸುವುದಕ್ಕೂ ಇರುವ ಸೂಕ್ಷ್ಮ ಅಂತರವೇ ‘ಪುಟ್’ ಮತ್ತು ‘ಸೆಟ್’ ನಡುವೆಯೂ ಇದೆ. ಲೋಟವನ್ನು ಮೇಜಿನ ಮೇಲೆ ‘ಪುಟ್’ ಮಾಡಿದವನು ಇಟ್ಟುಬಿಟ್ಟ; ‘ಸೆಟ್’ ಮಾಡಿದವನು ನೋಡಿ ಇಟ್ಟ.

ಇಷ್ಟಕ್ಕೆ ನಿಲ್ಲಿಸಿ, ‘ಸೆಟ್ ಎಂದರೆ ಕೂರಿಸು, ಉಳಿದದ್ದೆಲ್ಲ ಸಂದರ್ಭ’ ಎಂದು ಘೋಷಿಸಿಬಿಡಬಹುದು. ಚಾರ್ಲ್ಸ್ ರೂಲ್ ಎಂಬ ಭಾಷಾವಿದ್ವಾಂಸ 1989ರಲ್ಲಿ ಒಂದು ಪುಸ್ತಕ ಬರೆದು, ಪದವೊಂದಕ್ಕೆ ಒಂದೇ ವಿಶಾಲ ಅರ್ಥವಿದೆಯೆಂದು ಹಿಡಿದುಕೊಂಡೇ ಹೊರಡಬೇಕು, ಬೇರೆ ದಾರಿಯಿಲ್ಲದಾಗ ಮಾತ್ರ ಹಲವು ಅರ್ಥಗಳನ್ನು ಒಪ್ಪಬೇಕು ಎಂದು ವಾದಿಸಿದ. ವಾದ ಆಕರ್ಷಕ. ಆದರೆ ಸೂರ್ಯ ಅದಕ್ಕೆ ಅಡ್ಡ ಬರುತ್ತಾನೆ. ಇಂಗ್ಲಿಷಿನಲ್ಲಿ ಸಂಜೆಯ ಸೂರ್ಯ ‘ಸೆಟ್’ ಆಗುತ್ತಾನೆ. ಅವನನ್ನು ಯಾರೂ ಕೂರಿಸುವುದಿಲ್ಲ. ಇಲ್ಲಿ ಆಗಿರುವುದು ಕೂರಿಸುವ ಪದ ಕೂರುವ ಪದದ ಜಾಗಕ್ಕೆ ಜಾರಿರುವುದು: ಸೂರ್ಯ ದಿಗಂತದಲ್ಲಿ ಕೆಳಗೆ ಕೂರುತ್ತಾನೆ. ಸಿಮೆಂಟು ‘ಸೆಟ್’ ಆಗುವುದೂ ಹೀಗೆಯೇ, ಕೂತು ಗಟ್ಟಿಯಾಗುವುದು. ಅದನ್ನು ಅಳೆಯಲು ನಿಯಮವೇ ಇದೆ. ಭಾರತೀಯ ಮಾನಕದ ಪ್ರಕಾರ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟು ನೀರು ಬಿದ್ದ 30 ನಿಮಿಷದೊಳಗೆ ಬಿಗಿಯತೊಡಗಬಾರದು, 600 ನಿಮಿಷ ಕಳೆದ ಮೇಲೂ ಬಿಗಿಯದೆ ಉಳಿದಿರಬಾರದು. ಗಾರೆ ಕೆಲಸದವರು ‘ಸೆಟ್ ಆಗಲಿ ಬಿಡಿ’ ಎಂದು ತಡೆಯುವುದು ಈ ಅವಧಿಯಲ್ಲಿಯೇ. ಇಲ್ಲಿಯವರೆಗೂ ‘ಕೂರು’ ಹೇಗೋ ಎಳೆದುಕೊಂಡು ಬರುತ್ತದೆ. ಆದರೆ ಪ್ರಯಾಣ ಹೊರಡುವುದಕ್ಕೂ ಇಂಗ್ಲಿಷಿನಲ್ಲಿ ‘ಸೆಟ್ ಆಫ್’, ‘ಸೆಟ್ ಔಟ್’ ಎನ್ನುತ್ತಾರಲ್ಲ? ಕೂರುವುದಕ್ಕೂ ಹೊರಡುವುದಕ್ಕೂ ಎತ್ತಣಿಂದೆತ್ತ ಸಂಬಂಧ?

ಸಂಬಂಧ ಕಾಣಬೇಕಾದರೆ ಓಟದ ಮೈದಾನಕ್ಕೆ ಹೋಗಬೇಕು. 400 ಮೀಟರ್ ಮತ್ತು ಅದಕ್ಕಿಂತ ಚಿಕ್ಕ ಓಟಗಳಲ್ಲಿ ಓಟಗಾರರಿಗೆ ಎರಡು ಆದೇಶಗಳಿವೆ. ಮೊದಲನೆಯದಕ್ಕೆ ಅವರು ಗೆರೆಯ ಹಿಂದೆ ಮೊಣಕಾಲೂರುತ್ತಾರೆ. ಎರಡನೆಯದು ‘ಸೆಟ್’, ಆಗ ಸೊಂಟ ಮೇಲೆತ್ತಿ ಕಲ್ಲಿನಂತೆ ಸ್ತಬ್ಧರಾಗುತ್ತಾರೆ. ಆಮೇಲೆ ಗುಂಡಿನ ಸದ್ದು. ಅದಕ್ಕಿಂತ ಉದ್ದದ ಓಟಗಳಲ್ಲಿ ಈ ಎರಡನೆಯ ಆದೇಶವೇ ಇಲ್ಲ, ನಿಂತಲ್ಲಿಂದಲೇ ಹೊರಡುತ್ತಾರೆ. ಆ ‘ಸೆಟ್’ ಎಂಬ ಕ್ಷಣದಲ್ಲಿ ಅಲುಗದೆ ಇರುವುದೂ ಹೊರಡಲು ಅಣಿಯಾಗಿರುವುದೂ ಒಂದೇ ಮೈಯಲ್ಲಿವೆ. ಜಾಗದಲ್ಲಿ ಕೂರಿಸು ಎಂಬುದರಿಂದ ಸರಿಯಾದ ಜಾಗದಲ್ಲಿ ಅಣಿಯಾಗಿಡು ಎಂಬುದಕ್ಕೆ ಒಂದು ಹೆಜ್ಜೆ. ಅಲ್ಲಿಂದ ಹೊರಡಿಸು ಎಂಬುದಕ್ಕೆ ಇನ್ನೊಂದು ಹೆಜ್ಜೆ. ಮೊದಲನೆಯದನ್ನೂ ಕೊನೆಯದನ್ನೂ ಮಾತ್ರ ಪಕ್ಕಪಕ್ಕ ಇಟ್ಟರೆ ಅವು ಒಂದೇ ಮನೆಯವೆಂದು ನಂಬುವುದು ಕಷ್ಟ. ನಡುವಿನ ಹೆಜ್ಜೆ ಕಂಡರೆ ಅಚ್ಚರಿಯೇನೂ ಉಳಿಯುವುದಿಲ್ಲ. ಹಾಗಾಗಿ ರೂಲ್ ಹೇಳಿದ ಒಂದೇ ಅರ್ಥವೆಂಬುದನ್ನು ಪೂರ್ತಿ ಒಪ್ಪಲಾಗದು. ಒಂದು ಮೂಲಾರ್ಥ ಎಲ್ಲ ಬಳಕೆಗಳ ಒಳಗೂ ಕೂತಿಲ್ಲ. ಒಂದು ಬಳಕೆ ಪಕ್ಕದ್ದನ್ನು ಹೋಲುತ್ತದೆ, ಅದು ಅದರ ಪಕ್ಕದ್ದನ್ನು. ದೊಡ್ಡ ಕೂಡುಕುಟುಂಬದಲ್ಲಿ ಅಜ್ಜನ ಮೂಗು ಒಬ್ಬನಿಗೆ, ಅವನ ನಡಿಗೆ ಇನ್ನೊಬ್ಬಳಿಗೆ ಬಂದಿರುತ್ತದಲ್ಲ, ಆ ಬಗೆಯ ಹೋಲಿಕೆ. ದಾರ್ಶನಿಕ ಲುಡ್ವಿಗ್ ವಿಟ್ಗೆನ್‌ಸ್ಟೈನ್ ‘ಆಟ’ ಎಂಬ ಪದವನ್ನು ಹಿಡಿದು ಇದನ್ನೇ ತೋರಿಸಿದ್ದ. ಆ ಮಾತಿರುವ ಅವನ ಗ್ರಂಥ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1953ರಲ್ಲಿ.

ಈಗ ತೊಡಕಿನ ಮಾತಿಗೆ ಬರಬಹುದು. ಟೀ ಸೆಟ್ಟು, ಪುಸ್ತಕಗಳ ಸೆಟ್ಟು ಎಂಬ ಗುಂಪಿನ ಅರ್ಥದ ನಾಮಪದ ಬೇರೊಂದು ಹೊಟ್ಟೆಯಲ್ಲಿ ಹುಟ್ಟಿದ್ದು. ಅದು ಹಿಂಬಾಲಿಸುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ‘ಸೆಕ್ಟಾ’ ಆಗಿ, ಹಳೆಯ ಫ್ರೆಂಚಿನಲ್ಲಿ ‘ಸೆಟ್’ ಆಗಿ ಇಂಗ್ಲಿಷಿಗೆ ಬಂತು: ಒಬ್ಬನ ಹಿಂದೆ ಬರುವವರು, ಪರಿವಾರ, ಕೂಟ. ಪಂಥ ಎಂಬ ಅರ್ಥದ ‘ಸೆಕ್ಟ್’, ಹೋಟೆಲಿನ ‘ಸ್ವೀಟ್’ ಕೋಣೆಗಳು, ಮದುವೆಗೆ ಹೊಲಿಸುವ ಸೂಟು, ಎಲ್ಲವೂ ಆ ಕಡೆಯ ದಾಯಾದಿಗಳು. ಪರಿಷತ್ತಿಗೂ ಟೀ ಸೆಟ್ಟಿಗೂ ಹೇಳಹೊರಟ ನೆಂಟಸ್ತಿಕೆ ಹೀಗೆ ಅರ್ಧಕ್ಕೆ ಕಡಿದುಬೀಳುತ್ತದೆ. ಹಾಗಿದ್ದರೆ ಇವು ಎರಡು ಬೇರೆ ಪದಗಳು, ಎರಡನ್ನೂ ಸೇರಿಸಿ ಎಣಿಸಿದ್ದೇ ತಪ್ಪು ಎಂದು ಯಾರಾದರೂ ಆಕ್ಷೇಪಿಸಬಹುದು. ಹುಟ್ಟಿನ ದೃಷ್ಟಿಯಿಂದ ಆಕ್ಷೇಪ ಸರಿ. ಕನ್ನಡದಲ್ಲಿ ಪಾಠ ಕಲಿ, ರಣರಂಗದ ಕಲಿ, ಕಲಿಯುಗದ ಕಲಿ ಎಂಬ ಮೂರನ್ನು ಯಾರೂ ಒಂದೇ ಪದವೆನ್ನುವುದಿಲ್ಲ. ಕೇಳುವ ಕಿವಿಗೂ ಅವು ಬೇರೆಯೇ. ‘ಸೆಟ್’ನಲ್ಲಿ ಹಾಗಾಗಲಿಲ್ಲ. ಒಟ್ಟಿಗೆ ಕೂರಿಸಿದ ವಸ್ತುಗಳೇ ತಾನೇ ಗುಂಪು ಎಂಬ ಭಾವನೆಯಿಂದ ಇಂಗ್ಲಿಷರು ಎರಡೂ ಹೊಳೆಗಳನ್ನು ಕೂಡಿಸಿಬಿಟ್ಟರು, ಒಂದರ ಅರ್ಥ ಇನ್ನೊಂದರೊಳಗೆ ಹರಿಯಿತು. ಬಿಡಿಭಾಗಗಳನ್ನು ಜೋಡಿಸಿ ಕೂರಿಸಿದ ಯಂತ್ರವೂ ‘ಸೆಟ್’ ಆಯಿತು: ರೇಡಿಯೊ ಸೆಟ್, ಟಿವಿ ಸೆಟ್. ಅದು ಕೂರಿಸಿದ್ದೋ ಕೂಟವೋ? ಯಾವ ಹೊಳೆಯ ನೀರೆಂದು ಸಂಗಮದಲ್ಲಿ ನಿಂತು ಹೇಳುವುದು ಹೇಗೆ? ನಿಘಂಟುಕಾರನಿಗೆ ಇದು ತಲೆನೋವು. ಮಾತಾಡುವವರಿಗೆ ಇದು ಗೊತ್ತೇ ಇಲ್ಲ.

ಪದದ ಪರಿಚಯ ಅದರ ಸಹವಾಸದಿಂದ ಆಗುತ್ತದೆ ಎಂಬ ಮಾತನ್ನು ಶಾಸ್ತ್ರಕ್ಕೆ ತಂದವನು ಇಂಗ್ಲೆಂಡಿನ ಜೆ.ಆರ್. ಫರ್ತ್, 1957ರಲ್ಲಿ. ಕನ್ನಡಿಗರಿಗೆ ಇದನ್ನು ಒಪ್ಪಿಸಲು ಫರ್ತ್ ಬೇಕಾಗಿಲ್ಲ, ‘ಹಾಕು’ ಸಾಕು. ಬಾಗಿಲು ಹಾಕಿದರೆ ಮುಚ್ಚುತ್ತದೆ, ರಂಗೋಲಿ ಹಾಕಿದರೆ ಮೂಡುತ್ತದೆ. ಅಂಗಿ ಹಾಕುವುದು ತೊಡುವುದು, ಅರ್ಜಿ ಹಾಕುವುದು ಬೇಡುವುದು, ಲೆಕ್ಕ ಹಾಕುವುದು ಮನಸ್ಸಿನ ಕೆಲಸ, ಕಣ್ಣು ಹಾಕುವುದು ಆಸೆಯ ಕೆಲಸ. ‘ಕಟ್ಟು’ ಕೂಡ ಹೀಗೆಯೇ: ಮನೆ ಕಟ್ಟಿದವನು, ತಾಳಿ ಕಟ್ಟಿದವನು, ಫೀಸು ಕಟ್ಟಿದವನು, ಕಥೆ ಕಟ್ಟಿದವನು ಮಾಡಿದ ಕೆಲಸಗಳಲ್ಲಿ ಯಾವುದೂ ಇನ್ನೊಂದರಂತಿಲ್ಲ, ನೆಗಡಿ ಬಂದು ಮೂಗು ಕಟ್ಟಿದಾಗ ಯಾರೂ ಏನೂ ಮಾಡಿಯೇ ಇಲ್ಲ. ‘ಹಾಕು’ ಎಂದೊಂದನ್ನೇ ಹೇಳಿ ಸುಮ್ಮನಾದರೆ ಕೇಳಿದವನು ‘ಏನನ್ನು?’ ಎನ್ನುತ್ತಾನೆ. ಆ ಮರುಪ್ರಶ್ನೆಯಲ್ಲಿಯೇ ವಾದದ ಸಾರವಿದೆ. ಇಂಗ್ಲಿಷಿನ ‘ಸೆಟ್’ ಕೂಡ ಒಂಟಿಯಾಗಿ ನಿಂತರೆ ಬಡಪಾಯಿ. ‘ಸೆಟ್ ಅಸೈಡ್’ ಎಂಬ ಜೋಡಿಯನ್ನು ನೋಡಿ. ಮಗಳ ಮದುವೆಗೆಂದು ಹಣವನ್ನು ಹೀಗೆ ಮಾಡಿದರೆ ಅದನ್ನು ಎತ್ತಿಟ್ಟಂತೆ, ಕಾಪಾಡಿದಂತೆ. ಹೈಕೋರ್ಟು ಕೆಳಗಿನ ನ್ಯಾಯಾಲಯದ ತೀರ್ಪನ್ನು ಹೀಗೆ ಮಾಡಿದರೆ ಅದನ್ನು ರದ್ದುಪಡಿಸಿದಂತೆ. ಎರಡರಲ್ಲೂ ಮಾಡಿದ್ದು ಬದಿಗೆ ಸರಿಸಿದ್ದೇ. ಹಣ ಬದಿಗೆ ಹೋದರೆ ಉಳಿಯುತ್ತದೆ, ತೀರ್ಪು ಬದಿಗೆ ಹೋದರೆ ಸಾಯುತ್ತದೆ. ಈ ಜೀವ-ಸಾವಿನ ವ್ಯತ್ಯಾಸ ಪದದಲ್ಲಿಲ್ಲ. ಹಣವೆಂದರೇನು, ತೀರ್ಪೆಂದರೇನು ಎಂಬ ನಮ್ಮ ತಿಳಿವಳಿಕೆಯಲ್ಲಿದೆ.

ತಿಳಿವಳಿಕೆ ಎಂದ ಕೂಡಲೇ ಇನ್ನೊಂದು ಆಕ್ಷೇಪ ಎದುರಾಗುತ್ತದೆ, ಮತ್ತು ಅದು ಗಟ್ಟಿಯಾದದ್ದು. ನೆರೆಹೊರೆಯ ಪದಗಳೇ ಅರ್ಥ ಹೇಳಿಬಿಡುವುದಾದರೆ ಯಂತ್ರಾನುವಾದ ಸುಲಭವಾಗಬೇಕಿತ್ತಲ್ಲ? 1960ರಲ್ಲಿ ಯೆಹೊಶುವಾ ಬಾರ್-ಹಿಲ್ಲೆಲ್ ಎಂಬ ವಿದ್ವಾಂಸ ಒಂದು ಪುಟ್ಟ ವಾಕ್ಯ ಮುಂದಿಟ್ಟು ಆ ಕಾಲದ ಉತ್ಸಾಹದ ಮೇಲೆ ತಣ್ಣೀರೆರಚಿದ. ಪೆಟ್ಟಿಗೆಯು ‘ಪೆನ್’ನಲ್ಲಿತ್ತು ಎಂಬುದು ಆ ವಾಕ್ಯ. ಇಂಗ್ಲಿಷಿನಲ್ಲಿ ‘ಪೆನ್’ ಎಂದರೆ ಬರೆಯುವ ಲೇಖನಿಯೂ ಹೌದು, ಮಗು ಆಡಲೆಂದು ಸುತ್ತ ಕಟ್ಟಿದ ಆವರಣವೂ ಹೌದು. ಪೆಟ್ಟಿಗೆ ಲೇಖನಿಯೊಳಗೆ ಹಿಡಿಸುವುದಿಲ್ಲವೆಂದು ಮೂರು ವರ್ಷದ ಮಗುವಿಗೂ ಗೊತ್ತು. ವಾಕ್ಯದಲ್ಲಿರುವ ಪದಗಳನ್ನಷ್ಟೇ ನೋಡುವ ಯಂತ್ರಕ್ಕೆ ಅದು ಗೊತ್ತಾಗುವ ದಾರಿಯಿಲ್ಲ ಎಂದು ಆತ ವಾದಿಸಿದ. ಹಾಗಾಗಿ ‘ನೆರೆಹೊರೆ’ ಎಂದಾಗ ಎಡಬಲದ ನಾಲ್ಕು ಪದಗಳಷ್ಟೇ ಎಂದು ಹಿಡಿದರೆ ನನ್ನ ವಾದ ಬಿದ್ದುಹೋಗುತ್ತದೆ. ಪೆಟ್ಟಿಗೆಯ ಗಾತ್ರ, ಹೇಂಟೆಯ ಸ್ವಭಾವ, ಕೋರ್ಟಿನ ಕ್ರಮ, ಇವೂ ನೆರೆಹೊರೆಯೇ. ಆದರೆ ಈ ತಿದ್ದುಪಡಿಯಿಂದ ವಾದದ ಬಲ ಕುಗ್ಗುವುದಿಲ್ಲ. ಅರ್ಥ ಪದದ ಹೊರಗಿನಿಂದ ಬರುತ್ತದೆ ಎಂಬುದನ್ನೇ ಬಾರ್-ಹಿಲ್ಲೆಲ್ ಇನ್ನಷ್ಟು ದೂರಕ್ಕೆ, ವಾಕ್ಯದಿಂದಲೂ ಆಚೆಗೆ ಒಯ್ದ. ಈಚಿನ ಅನುವಾದ ಯಂತ್ರಗಳು ಮೊದಲಿಗಿಂತ ಎಷ್ಟೋ ಮೇಲಾಗಿರುವುದು ಪದಗಳ ಅರ್ಥಪಟ್ಟಿಯನ್ನು ಉರುಹೊಡೆದು ಅಲ್ಲ. ಕೋಟಿಗಟ್ಟಲೆ ವಾಕ್ಯಗಳಲ್ಲಿ ಯಾವ ಪದ ಯಾವುದರ ಜೊತೆ ಓಡಾಡುತ್ತದೆಂದು ನೋಡಿ ನೋಡಿ.

ಹಾಗಾದರೆ ನಿಘಂಟುಕಾರರು 60,000 ಪದ ಖರ್ಚು ಮಾಡಿದ್ದು ದಂಡವೇ? ಖಂಡಿತ ಅಲ್ಲ. ಇಂಗ್ಲಿಷ್ ನಿಘಂಟಿನ ಹಿರಿಯ ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ಕೃತಿಯ ಮುನ್ನುಡಿಯಲ್ಲಿಯೇ ಇಂಥ ಸವೆದ, ಸಣ್ಣ ಕ್ರಿಯಾಪದಗಳು ಕೊಡುವ ಕಾಟವನ್ನು ತೋಡಿಕೊಂಡಿದ್ದ. ‘ಟೇಕ್’ ಒಂದನ್ನೇ ಅವನು 134 ಅರ್ಥಗಳಾಗಿ ಹಂಚಬೇಕಾಯಿತು. ಆಕ್ಸ್‌ಫರ್ಡ್ ನಿಘಂಟಿನ ಮೊದಲ ಆವೃತ್ತಿಯಲ್ಲಿ ‘ಸೆಟ್’ ಇರುವ ಭಾಗದ ಭಾರ ಹೆನ್ರಿ ಬ್ರಾಡ್ಲಿಯ ಪಾಲಿಗೆ ಬಂತು. ಇವರು ಮಾಡಿದ್ದು ಪದದೊಳಗೆ ಅಡಗಿದ್ದ ಅರ್ಥಗಳನ್ನು ಅಗೆದು ತೆಗೆಯುವ ಕೆಲಸವಲ್ಲ. ಪದ ತಿರುಗಾಡಿದ ಊರುಗಳ ನಕ್ಷೆ ಬರೆಯುವ ಕೆಲಸ. ನಕ್ಷೆಯಲ್ಲಿ ಎಷ್ಟು ಊರು ತೋರಿಸಬೇಕೆಂಬುದು ಹಾಳೆಯ ಗಾತ್ರವನ್ನೂ ಅದನ್ನು ಹಿಡಿದು ನಡೆಯುವವನ ಅಗತ್ಯವನ್ನೂ ಅವಲಂಬಿಸಿದೆ. ಶಾಲೆಯ ಮಗುವಿನ ಜೇಬು ನಿಘಂಟಿಗೆ ಹತ್ತು ಊರು ಸಾಕು. ಆಡಮ್ ಕಿಲ್ಗ್ಯಾರಿಫ್ ಎಂಬ ನಿಘಂಟುತಜ್ಞ 1997ರಲ್ಲಿ, ಪದಗಳಿಗೆ ಬಿಡಿಬಿಡಿ ಅರ್ಥಗಳಿವೆ ಎಂಬುದರಲ್ಲೇ ತನಗೆ ನಂಬಿಕೆಯಿಲ್ಲವೆಂದು ಸಾರುವ ತಲೆಬರಹ ಕೊಟ್ಟು ಪ್ರಬಂಧ ಬರೆದ. ನಿಘಂಟಿನ ಕೆಲಸವನ್ನೇ ಕಸುಬು ಮಾಡಿಕೊಂಡವನ ಮಾತು ಅದು. ಕನ್ನಡಕ್ಕೆ ಅನುವಾದಿಸುವವರಿಗೆ ಬೇಕಾದ ನಕ್ಷೆಯೇ ಬೇರೆ. ಮೂಳೆ, ಹರಳು, ಹೇಂಟೆಗೆ ಅವರಿಗೆ ‘ಕೂರಿಸು’ ಒಂದೇ ಸಾಕು. ಸೂರ್ಯನಿಗೆ ‘ಮುಳುಗು’, ‘ಕಂತು’ ಬೇಕು. ದಿನಾಂಕಕ್ಕೆ ‘ಗೊತ್ತುಮಾಡು’, ಬಲೆಗೆ ‘ಒಡ್ಡು’, ಮಳೆಗಾಲಕ್ಕೆ ‘ಹಿಡಿ’. ಕನ್ನಡದ ಕಣ್ಣಿನಿಂದ ಎಣಿಸಿದರೆ ‘ಸೆಟ್’ಗೆ ಬರುವ ಸಂಖ್ಯೆ 430 ಅಲ್ಲ, ಜರ್ಮನ್ ಕಣ್ಣಿನಿಂದ ಬರುವುದೂ ಅಲ್ಲ.

ಇನ್ನು ಕೆಲವರಿಗೆ ಈ ಗೊಂದಲವೇ ಭಾಷೆಯ ರೋಗವೆಂದು ತೋರುತ್ತದೆ. ಒಂದು ವಸ್ತುವಿಗೆ ಒಂದೇ ಪದ, ಒಂದು ಪದಕ್ಕೆ ಒಂದೇ ಅರ್ಥ ಇದ್ದಿದ್ದರೆ ಕಾನೂನು, ವಿಜ್ಞಾನ ಎಲ್ಲ ಎಷ್ಟು ಸಲೀಸಾಗುತ್ತಿತ್ತು! 1668ರಲ್ಲಿ ಜಾನ್ ವಿಲ್ಕಿನ್ಸ್ ಎಂಬ ಇಂಗ್ಲಿಷ್ ಪಾದ್ರಿ ಅಂಥದೊಂದು ಭಾಷೆಯನ್ನು ಬುಡದಿಂದ ಕಟ್ಟಿ ದೊಡ್ಡ ಗ್ರಂಥವನ್ನೇ ಹೊರತಂದ. ಜಗತ್ತಿನ ವಸ್ತುಗಳನ್ನೆಲ್ಲ ವರ್ಗ ಮಾಡಿ ಒಂದೊಂದಕ್ಕೂ ಗುರುತು ಕೊಟ್ಟ. ಯಾರೂ ಅದರಲ್ಲಿ ಜಗಳವಾಡಲಿಲ್ಲ, ಮಗುವನ್ನು ಮಲಗಿಸಲಿಲ್ಲ. ಇದಕ್ಕೆ ತದ್ವಿರುದ್ಧ ಪ್ರಯೋಗ ನಡೆಸಿದವನು ಸಿ.ಕೆ. ಆಗ್ಡನ್. 1930ರಲ್ಲಿ ಆತ ಹೊರತಂದ ‘ಬೇಸಿಕ್ ಇಂಗ್ಲಿಷ್’ನಲ್ಲಿ ಒಟ್ಟು 850 ಪದಗಳು, ಅವುಗಳಲ್ಲಿ ಕ್ರಿಯಾಪದಗಳು ಬರೀ 18. ಅಷ್ಟರಲ್ಲಿ ಎಲ್ಲವನ್ನೂ ಹೇಳಬಹುದೆಂದು ಆತ ತೋರಿಸಿದ್ದು ಹೇಗೆ? ‘ಪುಟ್’, ‘ಗೆಟ್’, ‘ಟೇಕ್’, ‘ಗೋ’ಗಳ ಬೆನ್ನ ಮೇಲೆ ನೂರಾರು ಅರ್ಥಗಳನ್ನು ಹೇರಿ. ಪದ ಕಡಿಮೆಯಾದರೆ ಅರ್ಥ ಹೆಚ್ಚಲೇಬೇಕು. ಅರ್ಥ ಒಂದೊಂದೇ ಇರಬೇಕೆಂದರೆ ಪದಗಳ ರಾಶಿ ನೆನಪಿನ ಅಂಕೆ ಮೀರುತ್ತದೆ. ಜಾರ್ಜ್ ಕಿಂಗ್ಸ್‌ಲಿ ಜಿಫ್ 1945ರಲ್ಲಿ ಇದಕ್ಕೆ ಒಂದು ಲೆಕ್ಕವನ್ನೇ ಕೊಟ್ಟ: ಪದದ ಅರ್ಥಗಳ ಸಂಖ್ಯೆ ಅದರ ಬಳಕೆಯ ಪ್ರಮಾಣದ ವರ್ಗಮೂಲದಂತೆ ಏರುತ್ತದೆ. ಅಂದರೆ ನೂರು ಪಟ್ಟು ಹೆಚ್ಚು ಬಳಕೆಯಾಗುವ ಪದಕ್ಕೆ ಸುಮಾರು ಹತ್ತು ಪಟ್ಟು ಅರ್ಥ. ರೋಗವಾಗಿದ್ದರೆ ಅದು ಹೆಚ್ಚು ದುಡಿಯುವ ಪದಗಳಿಗೇ ತಪ್ಪದೆ ಹತ್ತುತ್ತಿರಲಿಲ್ಲ. ಇದು ರೋಗವಲ್ಲ, ದುಡಿಮೆಯ ಕೈಗೆ ಬಿದ್ದ ಜಡ್ಡು.

ಶಾಸ್ತ್ರಗಳಿಗೆ ಖಚಿತತೆ ಬೇಕೆಂಬುದು ನಿಜ. ಅದಕ್ಕೆ ಅವು ಹೊಸ ಪದ ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಹಳೆಯದಕ್ಕೇ ಬೇಲಿ ಹಾಕುತ್ತವೆ. 1870ರ ದಶಕದಲ್ಲಿ ಗಿಯೋರ್ಗ್ ಕ್ಯಾಂಟರ್ ಜರ್ಮನ್ನಿನಲ್ಲಿ ಕಟ್ಟತೊಡಗಿದ ಗಣಿತಕ್ಕೆ ಇಂಗ್ಲಿಷಿನವರು ಕೊಟ್ಟ ಹೆಸರು ‘ಸೆಟ್’. ನಮ್ಮ ಪಠ್ಯಪುಸ್ತಕಗಳಲ್ಲಿ ಅದು ‘ಗಣ’. ಗಣಿತದ ತರಗತಿಯ ಬಾಗಿಲ ಒಳಗೆ ಈ ಪದಕ್ಕೆ ಒಂದೇ ಅರ್ಥ, ಅನುಮಾನಕ್ಕೆ ಎಡೆಯಿಲ್ಲ. ಆದರೆ ಆ ಬೇಲಿಯೂ ಪದದೊಳಗಿನದಲ್ಲ, ತರಗತಿಯದು. ಗಂಟೆ ಹೊಡೆದು ಹೊರಗೆ ಬಂದ ವಿದ್ಯಾರ್ಥಿ ಟೆನಿಸ್ ಅಂಗಳದಲ್ಲಿ ಅದೇ ಪದವನ್ನು ಬೇರೆ ಅರ್ಥದಲ್ಲಿ ಕೂಗುತ್ತಾನೆ, ಗಲಿಬಿಲಿಗೊಳ್ಳುವುದಿಲ್ಲ.

ಈ ಪದ ಕನ್ನಡಕ್ಕೆ ಬಂದ ಬಗೆಯನ್ನು ನೋಡಿದರೆ ಅರ್ಥ ಪದದ ಜೊತೆಗೆ ಮೂಟೆಕಟ್ಟಿ ಬರುವುದಿಲ್ಲವೆಂಬುದು ಇನ್ನೂ ನಿಚ್ಚಳವಾಗುತ್ತದೆ. ಆ 430ರ ಸಂಪತ್ತನ್ನು ನಾವು ಮುಟ್ಟಿಯೂ ನೋಡಲಿಲ್ಲ. ಬೇಕಾದ ನಾಲ್ಕು ವಸ್ತುಗಳ ಜೊತೆ ಅಂಟಿಕೊಂಡು ಬಂದಷ್ಟೇ ಬಂತು. ರೈತನ ಮೋಟಾರು ಮತ್ತು ಪಂಪು ಸೇರಿ ಪಂಪ್‌ಸೆಟ್; ವಿದ್ಯುತ್ ಕಂಪನಿಯ ಕಡತದಲ್ಲಿ ಅದು ‘ಐಪಿ ಸೆಟ್’, 10 ಅಶ್ವಶಕ್ತಿಯವರೆಗಿನದಕ್ಕೆ ಉಚಿತ ವಿದ್ಯುತ್ತಿನ ರಾಜಕೀಯವನ್ನೆಲ್ಲ ಆ ಎರಡಕ್ಷರ ಹೊತ್ತಿದೆ. ಒಂದೇ ತಟ್ಟೆಯಲ್ಲಿ ಮೆತ್ತಗಿನ ಮೂರು ದೋಸೆ ಬಂದರೆ ಸೆಟ್ ದೋಸೆ. ಲಂಡನ್ನಿನವನಿಗೆ ‘ಸೆಟ್’ ಗೊತ್ತು, ದೋಸೆಯೂ ಗೊತ್ತಿರಬಹುದು, ಎರಡನ್ನೂ ಕೂಡಿಸಿದರೆ ಬರುವುದು ಗೊತ್ತಿರಲಾರದು. ಸಿನಿಮಾದವರು ಇನ್ನೂ ಮುಂದೆ ಹೋದರು. ‘ಸೆಟ್’ಗೆ ನಮ್ಮ ‘ಏರು’ ಸೇರಿಸಿ ‘ಸೆಟ್ಟೇರು’ ಎಂಬ ಕ್ರಿಯಾಪದವನ್ನೇ ಮಾಡಿಕೊಂಡರು. ಟಕಾರಕ್ಕೆ ಒತ್ತು ಬಿದ್ದು, ಇಂಗ್ಲಿಷಿನ ಮೈಮೇಲೆ ಕನ್ನಡದ ಅಂಗಿ ಸರಿಯಾಗಿ ಕೂತಿದೆ. ಚಿತ್ರೀಕರಣ ಶುರುವಾಯಿತು ಎಂದಷ್ಟೇ ಇದರ ಅರ್ಥ. ಇಡೀ ಚಿತ್ರವನ್ನು ಸಕಲೇಶಪುರದ ಕಾಡಿನಲ್ಲಿ, ಒಂದೂ ಸೆಟ್ ಹಾಕದೆ ತೆಗೆದರೂ ಪತ್ರಿಕೆಗಳಲ್ಲಿ ಅದು ಸೆಟ್ಟೇರಿಯೇ ತೀರುತ್ತದೆ.

ಇದನ್ನು ತಪ್ಪು ಬಳಕೆಯೆಂದು ಮೂಗು ಮುರಿಯುವವರಿದ್ದಾರೆ, ಹೆಚ್ಚಾಗಿ ‘ಸೆಟ್ ಆಗಲ್ಲ’ ಎಂಬ ಮಾತನ್ನು ಕೇಳಿದಾಗ. ಈ ಬಣ್ಣ ನಿನಗೆ ಸೆಟ್ ಆಗಲ್ಲ, ಅವರಿಬ್ಬರಿಗೂ ಸೆಟ್ ಆಗಲ್ಲ, ನನಗೆ ಈ ಊರು ಸೆಟ್ ಆಗಲ್ಲ. ಇಂಗ್ಲಿಷಿನಲ್ಲಿ ಇಲ್ಲೆಲ್ಲ ‘ಸೂಟ್’ ಬರಬೇಕು, ನಿಮಗೆ ಇಂಗ್ಲಿಷೂ ಬರದು ಕನ್ನಡವೂ ಬರದು ಎಂಬುದು ಅವರ ಸಿಟ್ಟು. ಒಗ್ಗುವುದಿಲ್ಲ, ಹೊಂದುವುದಿಲ್ಲ ಎಂಬ ಒಳ್ಳೆಯ ಮಾತುಗಳು ಮನೆಯಲ್ಲಿರುವಾಗ ಇದು ಏಕೆ ಎಂಬ ಬೇಸರ ನ್ಯಾಯವಾದದ್ದೇ. ಆದರೆ ತಪ್ಪು ಎಂಬ ತೀರ್ಪು ನಿಲ್ಲುವುದಿಲ್ಲ. ಕೂರಿಸುವ ಪದವನ್ನು ಸೂರ್ಯನಿಗೆ ಹಚ್ಚಿದ ಮೊದಲ ಇಂಗ್ಲಿಷ್ ರೈತ ಮಾಡಿದ್ದೂ, ಲ್ಯಾಟಿನ್ ಪರಿವಾರವನ್ನು ತನ್ನ ಹಳೆಯ ಕ್ರಿಯಾಪದದ ಜೊತೆ ಬೆರೆಸಿದ ಅವನ ಮೊಮ್ಮಕ್ಕಳು ಮಾಡಿದ್ದೂ ಇದನ್ನೇ. ಹಿಂದಿಯಲ್ಲಿಯೂ ಇದೇ ಬಳಕೆ ಓಡಾಡುತ್ತಿದೆ. ಆಕ್ಸ್‌ಫರ್ಡಿನ ಮುಂದಿನ ಎಣಿಕೆಯಲ್ಲಿ ಇದಕ್ಕೆ ಸಂಖ್ಯೆ ಸಿಗಲಿ ಬಿಡಲಿ, ಹೊಂದದವರು ಹೊಂದದೆಯೇ ಇರುತ್ತಾರೆ.

ಬಳಕೆ ಬದಲಾದರೂ ಪದ ಹಳೆಯ ಜಾಗದಲ್ಲೇ ಕೂತುಬಿಡುವುದೂ ಉಂಟು. ಸೆಟ್ ಟಾಪ್ ಬಾಕ್ಸ್ ಎಂಬ ಹೆಸರು ಬಂದಾಗ ‘ಸೆಟ್’ ಎಂದರೆ ಟಿವಿ, ಅದರ ಮೇಲೆ ಕೂರಿಸುವ ಪೆಟ್ಟಿಗೆ ಎಂದರ್ಥ. ಆಗಿನ ಟಿವಿಗಳ ನೆತ್ತಿ ಅಗಲವಾಗಿತ್ತು. ಪೆಟ್ಟಿಗೆ, ಅದರ ಮೇಲೊಂದು ಕಸೂತಿ ಬಟ್ಟೆ, ಅದರ ಮೇಲೆ ಒಂದು ಗೊಂಬೆ, ಎಲ್ಲಕ್ಕೂ ಜಾಗವಿತ್ತು. ಈಗಿನ ಟಿವಿ ಗೋಡೆಯ ಮೇಲಿನ ಕ್ಯಾಲೆಂಡರಿನಂತೆ ತೆಳ್ಳಗೆ ನೇತಾಡುತ್ತದೆ, ಅದನ್ನು ಸೆಟ್ ಎನ್ನುವವರೂ ಕಡಿಮೆ. ಪೆಟ್ಟಿಗೆ ಕೆಳಗಿನ ಗೂಡಿಗೆ ಇಳಿದು ಎಷ್ಟೋ ವರ್ಷಗಳಾದವು. ರಿಪೇರಿಗೆ ಬಂದ ಹುಡುಗ ಮಾತ್ರ ನೆಲಕ್ಕೆ ಬಗ್ಗಿ, ಟೀಪಾಯಿಯ ಕೆಳಗೆ ಕೈ ತೂರಿಸಿ, ‘ಸೆಟ್ ಟಾಪ್ ಎಲ್ಲಿದೆ?’ ಎಂದು ಕೇಳುತ್ತಾನೆ.